ಎಲೆಯೊಳಗಿನ ರಸಶಾಲೆ

ದಾವಣಗೆರೆಯಿಂದ ದಕ್ಷಿಣಕ್ಕೆ ಹೊರಟ ರಸ್ತೆಯಲ್ಲಿ ಕೆಲವು ಕಿಲೋಮೀಟರುಗಳಷ್ಟು ಸಾಗಿದರೆ ಹದಡಿ ಗ್ರಾಮ ಸಿಗುತ್ತದೆ. ಭದ್ರಾ ನಾಲೆಯ ನೀರು ಹರಿಯುವ ತಗ್ಗಿನಲ್ಲಿ ಬತ್ತದ ಗದ್ದೆಗಳು, ಅಡಿಕೆ ತೆಂಗಿನ ತೋಟಗಳು; ನೀರು ಏರದ ದಿಬ್ಬಗಳಲ್ಲಿ ಮಳೆಯನ್ನೇ ನಂಬಿದ ಹೊಲಗಳು. ಇಂದು ಆ ಹೊಲಗಳನ್ನು ಬಹುಮಟ್ಟಿಗೆ ಮೆಕ್ಕೆಜೋಳ ಆವರಿಸಿದೆ. ನಾನು ಬಾಲಕನಾಗಿದ್ದ ಕಾಲದಲ್ಲಿ ಅಲ್ಲಿ ಜೋಳವೂ ಹತ್ತಿಯೂ ಹೆಚ್ಚಾಗಿ ಕಾಣುತ್ತಿದ್ದುವು.

ಒಂದು ವರ್ಷ ಮುಂಗಾರು ಚೆನ್ನಾಗಿ ಆರಂಭವಾಗಿ ನಡುವೆ ಕೈಕೊಟ್ಟಿತು. ಮೊಳಕಾಲೆತ್ತರ ಬೆಳೆದಿದ್ದ ಜೋಳದ ಪೈರು ಬಿಸಿಲಿಗೆ ಬಾಡಿ ಸುರುಟಿಕೊಂಡಿತು. ಇನ್ನು ತೆನೆಯ ಆಸೆಯಿಲ್ಲವೆಂದು ನೆರೆಯ ರೈತನೊಬ್ಬ ಅದನ್ನು ಕೊಯ್ದುಹಾಕಿದ. ಕೆಲವು ದಿನಗಳ ಮೇಲೆ ಒಂದು ಹದಮಳೆ ಬಿದ್ದಿತು. ಕೂಳೆಯಿಂದ ಹಸುರಾದ ಎಳೆಯ ಚಿಗುರು ಚಿಮ್ಮಿತು. ಹಸಿದಿದ್ದ ಅವನ ಎತ್ತು ಹಗ್ಗ ಬಿಡಿಸಿಕೊಂಡು ಹೋಗಿ ಆ ಚಿಗುರನ್ನು ಹೊಟ್ಟೆತುಂಬ ಮೇಯಿತು. ಒಂದು ಗಳಿಗೆ ಕಳೆಯುವುದರೊಳಗಾಗಿ ಅದು ಏದುಸಿರು ಬಿಡತೊಡಗಿತು. ಬಾಯಲ್ಲಿ ನೊರೆ ಕಾಣಿಸಿತು. ಕಾಲು ತಡವರಿಸಿ ನೆಲಕ್ಕುರುಳಿತು. ಸಂಜೆಯ ಹೊತ್ತಿಗೆ ಆ ಮನೆಯಲ್ಲಿ ಎತ್ತಿರಲಿಲ್ಲ.

ನೆರೆದ ಜನ ತಮತಮಗೆ ತೋಚಿದಂತೆ ಮಾತನಾಡಿದರು. ಹಾವು ಮುಟ್ಟಿರಬೇಕೆಂದರು ಕೆಲವರು. ದೃಷ್ಟಿ ತಾಗಿತೆಂದರು ಇನ್ನು ಕೆಲವರು. ಮೂಲೆಯಲ್ಲಿ ಕುಳಿತಿದ್ದ ಮುದುಕನೊಬ್ಬ ಮಾತ್ರ, “ಕೂಳೆಜೋಳ ಮೇದಿದೆ, ಬೇರೇನೂ ಅಲ್ಲ. ತೆನೆ ಹಾಯುವ ತನಕ ಜೋಳಕ್ಕೆ ದನ ಬಿಡಬಾರದು” ಎಂದ. ಹಾಗೇಕೆ ಎಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ. ಅವನ ತಂದೆ ಹೇಳಿದ್ದರು, ಅವನು ಕಂಡಿದ್ದ, ಅಷ್ಟೇ. ಮನುಷ್ಯರಿಗೆ ರೊಟ್ಟಿಯಾಗುವ ಗಿಡ ಎತ್ತಿಗೆ ಮೃತ್ಯುವಾದುದು ಹೇಗೆ? ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಬಹುಕಾಲ ಉಳಿಯಿತು.

ಇದರ ಉತ್ತರವನ್ನು ವಿಜ್ಞಾನಿಗಳು ಆ ವೇಳೆಗಾಗಲೇ ಕಂಡುಕೊಂಡಿದ್ದರು. ಈಜಿಪ್ಟ್ ದೇಶದಲ್ಲಿಯೂ ಎಳೆಜೋಳ ಮೇಯ್ದ ದನಗಳು ಸಾಯುತ್ತಿದ್ದುವು. ಅಲ್ಲಿಯ ಎಳೆಯ ಪೈರನ್ನು ತರಿಸಿಕೊಂಡು ಪರೀಕ್ಷಿಸಿದ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಬ್ಬರು ಆಂಗ್ಲ ರಸಾಯನಶಾಸ್ತ್ರಜ್ಞರು 1902ರಲ್ಲಿ ಅದರಿಂದ ಒಂದು ಸಂಯುಕ್ತವಸ್ತುವನ್ನು ಬೇರ್ಪಡಿಸಿದರು. ಜೋಳಕ್ಕೆ ಅರಬ್ಬಿ ಭಾಷೆಯಲ್ಲಿರುವ ‘ಧುರ್ರಾ’ ಎಂಬ ಹೆಸರನ್ನು ಅನುಸರಿಸಿ ಅದಕ್ಕೆ ‘ಧುರ್ರಿನ್’ ಎಂದು ಹೆಸರಿಟ್ಟರು. ಧುರ್ರಿನ್ ತಾನಾಗಿಯೇ ಕೊಲ್ಲುವ ವಸ್ತುವಲ್ಲ. ಅದು ಎಲೆಯ ಹೊರಪದರದ ಜೀವಕೋಶಗಳ ರಸದಾನಿಗಳಲ್ಲಿ ಸುಮ್ಮನೆ ಅಡಗಿರುತ್ತದೆ. ಅದನ್ನು ಒಡೆಯಬಲ್ಲ ಕಿಣ್ವವು ಒಳಪದರದ ಕೋಶಗಳಲ್ಲಿ ಬೇರೆಯಾಗಿ ಇರುತ್ತದೆ. ಸಿಡಿಮದ್ದನ್ನು ಒಂದು ಕೋಣೆಯಲ್ಲಿಯೂ ಬೆಂಕಿಪೊಟ್ಟಣವನ್ನು ಇನ್ನೊಂದು ಕೋಣೆಯಲ್ಲಿಯೂ ಇಟ್ಟಂತೆ ಈ ಏರ್ಪಾಡು. ದನವು ಎಲೆಯನ್ನು ಅಗಿದೊಡನೆ ನಡುವಣ ಗೋಡೆಗಳು ಒಡೆಯುತ್ತವೆ, ಎರಡೂ ಕೂಡಿಕೊಳ್ಳುತ್ತವೆ, ಹೈಡ್ರೋಜನ್ ಸಯನೈಡ್ ಎಂಬ ಘೋರವಿಷ ಬಿಡುಗಡೆಯಾಗುತ್ತದೆ. ಆಗ ರಕ್ತದಲ್ಲಿ ಪ್ರಾಣವಾಯುವಿದ್ದರೂ ದೇಹದ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ನೀರಿನ ನಡುವೆ ನಿಂತು ಬಾಯಾರಿ ಸತ್ತಂತೆ ಪ್ರಾಣಿ ಸಾಯುತ್ತದೆ. ಕೂಡಲೇ ಪಶುವೈದ್ಯರನ್ನು ಕರೆಸಿದರೆ ಸೋಡಿಯಂ ಥಯೋಸಲ್ಫೇಟ್ ಮುಂತಾದ ಪ್ರತಿವಿಷಗಳ ಚುಚ್ಚುಮದ್ದಿನಿಂದ ಅದನ್ನು ಬದುಕಿಸಿಕೊಳ್ಳಲೂಬಹುದು.

ಎಳೆಯ ಪೈರಿನಲ್ಲಿ ಧುರ್ರಿನ್ ಹೆಚ್ಚು. ಗಿಡ ಬಲಿತಂತೆಲ್ಲ ಅದು ಕಡಮೆಯಾಗುತ್ತದೆ. ಮಳೆಯಿಲ್ಲದೆ ಬಾಡಿದ ಪೈರಿನಲ್ಲಿಯೂ ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲಿಯೂ ಅದು ಮತ್ತೆ ಏರುತ್ತದೆ. ಬಲಿತ ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಅತ್ಯಲ್ಪ. ಆದುದರಿಂದ ನಮ್ಮ ರೊಟ್ಟಿಗೆ ಯಾವ ಭಯವೂ ಇಲ್ಲ. ಹದಡಿಯ ಆ ಮುದುಕನ ಮಾತು ಅಕ್ಷರಶಃ ನಿಜವಾಗಿತ್ತು. ಅವನಿಗೆ ‘ಯಾವಾಗ’ ಎಂಬುದು ತಿಳಿದಿತ್ತು; ರಸಾಯನಶಾಸ್ತ್ರಜ್ಞನಿಗೆ ‘ಏಕೆ’ ಎಂಬುದೂ ‘ಎಷ್ಟು’ ಎಂಬುದೂ ತಿಳಿದುವು. ಈ ಎರಡು ತಿಳಿವಳಿಕೆಗಳೂ ಒಂದನ್ನೊಂದು ಕೂಡಿಕೊಂಡಾಗ ಮಾತ್ರ ಸಸ್ಯಗಳ ಗುಟ್ಟು ನಮಗೆ ಪೂರ್ಣವಾಗಿ ತೆರೆದುಕೊಳ್ಳುತ್ತದೆ.

ಗಿಡಗಳು ಇಂಥ ವಸ್ತುಗಳನ್ನು ತಯಾರಿಸುವುದಾದರೂ ಏತಕ್ಕೆ? ನಮಗೆ ಮದ್ದಾಗಲೆಂದೂ ಅಲ್ಲ, ನಮ್ಮ ದನಗಳನ್ನು ಕೊಲ್ಲಲೆಂದೂ ಅಲ್ಲ. ಶತ್ರು ಬಂದಾಗ ಜಿಂಕೆ ಓಡುತ್ತದೆ, ಹಕ್ಕಿ ಹಾರುತ್ತದೆ, ಗೂಳಿ ಕೊಂಬನ್ನು ಒಡ್ಡುತ್ತದೆ. ಗಿಡವಾದರೋ ಬೇರೂರಿದ ಜಾಗದಲ್ಲಿಯೇ ನಿಂತು ಬಿಸಿಲು, ಬರ, ಹುಳು, ದನ ಎಲ್ಲವನ್ನೂ ಎದುರಿಸಬೇಕು. ಓಡಲಾರದ ಜೀವಕ್ಕೆ ರಸಾಯನವೇ ಆಯುಧ. ಬೇವಿನ ಕಹಿ, ಅಳಲೆಕಾಯಿಯ ಒಗರು, ತುಳಸಿಯ ಕಂಪು, ಕೆಸುವಿನ ತುರಿಕೆ ಇವೆಲ್ಲ ಗಿಡಗಳು ತಮ್ಮ ಬದುಕಿಗಾಗಿ ಕಟ್ಟಿಕೊಂಡ ಕೋಟೆಗಳು. ಕೆಲವು ವಸ್ತುಗಳು ಶತ್ರುವನ್ನು ದೂರವಿಡುತ್ತವೆ. ಕೆಲವು ಬಣ್ಣ ಪರಿಮಳಗಳಿಂದ ಮಿತ್ರರನ್ನು ಬಳಿಗೆ ಕರೆಯುತ್ತವೆ.

ಮೆಣಸಿನಕಾಯಿ ಇದಕ್ಕೆ ಸೊಗಸಾದ ನಿದರ್ಶನ. ಅದರ ಖಾರಕ್ಕೆ ಕಾರಣವಾದ ವಸ್ತುವಿಗೆ 1876ರಲ್ಲಿ ಥ್ರೆಶ್ ಎಂಬ ಆಂಗ್ಲ ವಿಜ್ಞಾನಿ ‘ಕ್ಯಾಪ್ಸೈಸಿನ್’ ಎಂದು ಹೆಸರಿಟ್ಟನು. ಖಾರವಿರುವುದು ಬೀಜದಲ್ಲಿ ಎಂದು ನಂಬುವವರು ಬಹಳ ಮಂದಿ. ವಾಸ್ತವವಾಗಿ ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಕ್ಯಾಪ್ಸೈಸಿನ್ ನಮ್ಮ ನಾಲಿಗೆಯ ನರಗಳಲ್ಲಿರುವ, ಬಿಸಿಯನ್ನು ಅರಿಯುವ ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೆಣಸಿನಕಾಯಿ ತಿಂದಾಗ ಬಾಯಿ ‘ಉರಿಯುತ್ತದೆ’ ಎಂದು ನಮ್ಮ ಹಿರಿಯರು ಹೇಳಿದುದು ಬರಿಯ ಅಲಂಕಾರವಲ್ಲ. ನರಗಳಿಗೆ ಅದು ನಿಜವಾಗಿಯೂ ಬೆಂಕಿಯ ಸುದ್ದಿಯೇ. ಈ ಪ್ರೋಟೀನನ್ನು ಗುರುತಿಸಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಬಹುಮಾನವನ್ನು ಇನ್ನೊಬ್ಬ ವಿಜ್ಞಾನಿಯೊಡನೆ ಹಂಚಿಕೊಂಡರು. ವಿಚಿತ್ರವೆಂದರೆ ಹಕ್ಕಿಗಳಿಗೆ ಈ ಖಾರ ತಾಗುವುದಿಲ್ಲ. ಹಲ್ಲಿನಿಂದ ಬೀಜವನ್ನು ಅರೆದು ಹಾಳುಮಾಡುವ ಪ್ರಾಣಿಗಳನ್ನು ಕಾಡುಮೆಣಸಿನ ಗಿಡ ಖಾರದಿಂದ ಓಡಿಸುತ್ತದೆ; ಬೀಜವನ್ನು ಕೆಡಿಸದೆ ದೂರಕ್ಕೆ ಒಯ್ಯುವ ಹಕ್ಕಿಯನ್ನು ಕೆಂಪು ಬಣ್ಣ ತೋರಿಸಿ ಕರೆಯುತ್ತದೆ.

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ಹುಬ್ಬಳ್ಳಿಯ ಕಡೆಗೆ ಸಾಗುವ ರೈಲು ರಾಣೆಬೆನ್ನೂರಿನ ಬಳಿಕ ಬ್ಯಾಡಗಿಯನ್ನು ಮುಟ್ಟುತ್ತದೆ. ಆ ಊರಿನ ಸುಕ್ಕುಗಟ್ಟಿದ ಮೆಣಸಿನಕಾಯಿಯಲ್ಲಿ ಖಾರ ಕಡಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಕೊಡುವುದು ‘ಕ್ಯಾಪ್ಸಾಂತಿನ್’ ಎಂಬ ಬೇರೊಂದು ವಸ್ತು. ನಮ್ಮ ಗೃಹಿಣಿಯರು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಬೇರೆ ಕಾಯಿ ಎಂದು ಎರಡನ್ನೂ ಬೆರೆಸಿ ಪುಡಿ ಕುಟ್ಟುವಾಗ ಎರಡು ರಾಸಾಯನಿಕಗಳನ್ನು ಅಳೆದು ಬೆರೆಸುತ್ತಿರುತ್ತಾರೆ. ಹೆಸರು ಮಾತ್ರ ಅವರಿಗೆ ಬೇಕಾಗಿಲ್ಲ. ಈ ಕಾಯಿಯಿಂದ ತೆಗೆದ ಕೆಂಪು ಸತ್ತ್ವವನ್ನು ಆಹಾರಪದಾರ್ಥಗಳಿಗೂ ತುಟಿಬಣ್ಣಕ್ಕೂ ಬಳಸುತ್ತಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು.

ಇನ್ನು ಗಿಡದೊಳಗಿನ ವಸ್ತುವನ್ನು ವಿಜ್ಞಾನಿ ಅರಸುವ ಬಗೆಯನ್ನು ನೋಡೋಣ. ಮೊದಲು ಗಿಡವನ್ನು ತಪ್ಪಿಲ್ಲದೆ ಗುರುತಿಸಬೇಕು. ಒಂದೇ ಹೆಸರಿನ ಎರಡು ಗಿಡಗಳುಂಟು, ಎರಡು ಹೆಸರಿನ ಒಂದೇ ಗಿಡವುಂಟು. ಇಲ್ಲಿ ತಪ್ಪಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಬಳಿಕ ಬೇರು, ತೊಗಟೆ, ಎಲೆ, ಬೀಜ ಇವುಗಳಲ್ಲಿ ಬೇಕಾದುದನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ನೀರಿನಲ್ಲಿಯೋ ಮದ್ಯಸಾರದಲ್ಲಿಯೋ ನೆನೆಸಿ ಸಾರವನ್ನು ಇಳಿಸಬೇಕು. ನಾವು ಕಷಾಯ ಮಾಡುವುದೂ ಇದನ್ನೇ. ಆದರೆ ಕಷಾಯದಲ್ಲಿ ನೂರಾರು ವಸ್ತುಗಳು ಕೂಡಿರುತ್ತವೆ. ಅವುಗಳನ್ನು ಒಂದೊಂದಾಗಿ ಬಿಡಿಸಿ, ಒಂದೊಂದರ ರಚನೆಯನ್ನು ತಿಳಿದು, ರೋಗದ ಮೇಲೆ ಯಾವುದು ಕೆಲಸಮಾಡುತ್ತದೆ, ಎಷ್ಟು ಪ್ರಮಾಣದಲ್ಲಿ ಮಾಡುತ್ತದೆ, ಯಾವ ಪ್ರಮಾಣವನ್ನು ಮೀರಿದರೆ ಕೇಡಾಗುತ್ತದೆ ಎಂಬುದನ್ನು ನಿರ್ಣಯಿಸುವುದಕ್ಕೆ ಎಷ್ಟೋ ವರ್ಷಗಳೇ ಹಿಡಿಯುತ್ತವೆ.

ಇಂಥ ಸಾಹಸವೊಂದು ನಮ್ಮ ನಾಡಿನಲ್ಲಿಯೇ ನಡೆಯಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೈಸೂರಿನ ಗಂಧದ ಕೊರಡುಗಳು ಯೂರೋಪಿಗೆ ಸಾಗುವ ಹಾದಿ ಕಡಿದುಹೋಯಿತು. ಅಲ್ಲಿಯವರೆಗೆ ನಾವು ಕೊರಡನ್ನು ಮಾರುತ್ತಿದ್ದೆವು. ಎಣ್ಣೆ ತೆಗೆಯುವ ವಿದ್ಯೆಯೂ ಅದರ ಲಾಭವೂ ಹೊರಗಿನವರದಾಗಿತ್ತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಗಂಧದ ಪುಡಿಯೊಳಗೆ ಹಬೆಯನ್ನು ಹಾಯಿಸಿ ಎಣ್ಣೆಯನ್ನು ಬಟ್ಟಿಯಿಳಿಸುವ ಪ್ರಯೋಗಗಳನ್ನು ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿಯೂ ಅನಂತರ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ತಲೆಯೆತ್ತಿದುವು. ಗಂಧದ ಕಂಪಿನ ಮುಖ್ಯಾಂಶ ‘ಸ್ಯಾಂಟಲಾಲ್’ ಎಂಬ ಸಂಯುಕ್ತವಸ್ತು. ದೇವರ ಮುಂದೆ ತೇಯುತ್ತಿದ್ದ ಕೊರಡಿನೊಳಗಿನ ಆ ವಸ್ತುವನ್ನು ಅರಿತುಕೊಂಡುದರಿಂದ ನಾಡಿಗೆ ಒಂದು ಉದ್ಯಮವೇ ದೊರೆಯಿತು.

ಇನ್ನೊಂದು ಕಥೆ ಸರ್ಪಗಂಧದ್ದು. ಪಶ್ಚಿಮಘಟ್ಟದ ಕಾಡುಗಳ ನೆರಳಿನಲ್ಲಿಯೂ ಬೆಳೆಯುವ ಈ ಪುಟ್ಟ ಗಿಡದ ಬೇರನ್ನು ನಮ್ಮ ದೇಶದ ವೈದ್ಯರು ಉನ್ಮಾದಕ್ಕೂ ನಿದ್ರೆ ಬಾರದವರಿಗೂ ಬಹುಕಾಲದಿಂದ ಕೊಡುತ್ತಿದ್ದರು. 1931ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಎಂಬ ತರುಣ ವಿಜ್ಞಾನಿ ಈ ಬೇರಿನಿಂದ ಕೆಲವು ಕ್ಷಾರೀಯ ಸಂಯುಕ್ತಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಒಂದಕ್ಕೆ ತನ್ನ ಪೋಷಕರಾದ ಹಕೀಮ್ ಅಜ್ಮಲ್ ಖಾನರ ನೆನಪಿಗಾಗಿ ‘ಅಜ್ಮಲೀನ್’ ಎಂದು ಹೆಸರಿಟ್ಟನು. ಯುಗಾದಿಯ ದಿನ ನಾವು ಬೆಲ್ಲದೊಡನೆ ಸವಿಯುವ ಬೇವಿನ ಕಹಿಯನ್ನು ಶೋಧಿಸಿ, 1942ರಲ್ಲಿ ಬೇವಿನೆಣ್ಣೆಯಿಂದ ‘ನಿಂಬಿನ್’ ಎಂಬುದನ್ನು ಹೊರತೆಗೆದವನೂ ಅವನೇ. 1949ರಲ್ಲಿ ಮುಂಬಯಿಯ ವೈದ್ಯರಾದ ರುಸ್ತುಂ ಜಾಲ್ ವಕೀಲರು, ಸರ್ಪಗಂಧದ ಬೇರು ರಕ್ತದ ಒತ್ತಡವನ್ನು ಇಳಿಸುವುದೆಂಬ ತಮ್ಮ ಅನುಭವವನ್ನು ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಜಗತ್ತಿನ ಕಣ್ಣು ಈ ಬೇರಿನತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ‘ರೆಸರ್ಪಿನ್’ ಎಂಬ ಸಾರವಸ್ತುವನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೂ ಮನೋರೋಗಕ್ಕೂ ಅದು ಮದ್ದಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ರೆಸರ್ಪಿನನ್ನು ಹೆಚ್ಚು ಪ್ರಮಾಣದಲ್ಲಿ ಸೇವಿಸಿದವರಲ್ಲಿ ಕೆಲವರಿಗೆ ಮನಸ್ಸು ಕುಗ್ಗಿ ತೀವ್ರ ಖಿನ್ನತೆ ಉಂಟಾದುದು ಕಂಡುಬಂದಿತು. ಇತ್ತ ಕಾಡಿನಲ್ಲಿ, ಬೇರಿಗೆ ಬೆಲೆ ಬಂದೊಡನೆ ಗಿಡಗಳನ್ನು ಬುಡಸಹಿತ ಕಿತ್ತು ಸಾಗಿಸತೊಡಗಿದರು. ಬೇರನ್ನು ಕಿತ್ತ ಮೇಲೆ ಗಿಡ ಉಳಿಯುವುದೆಂತು? ಹೇರಳವಾಗಿದ್ದ ಸಸ್ಯ ಅಪರೂಪವಾಯಿತು. ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಅದರ ವ್ಯಾಪಾರಕ್ಕೆ ಕಡಿವಾಣ ಹಾಕಬೇಕಾಯಿತು. ಗಿಡದೊಳಗಿನ ಮದ್ದನ್ನು ಕಂಡುಹಿಡಿದ ಮನುಷ್ಯನು ಗಿಡವನ್ನೇ ಕಳೆದುಕೊಳ್ಳುವ ಅಂಚಿಗೆ ಬಂದನು.

‘ಗಿಡದಿಂದ ಬಂದುದು, ಆದುದರಿಂದ ನಿರಪಾಯ’ ಎಂಬ ಮಾತನ್ನು ನಾವು ಆಗಾಗ್ಗೆ ಕೇಳುತ್ತೇವೆ. ಇದಕ್ಕಿಂತ ಅಪಾಯಕರವಾದ ನಂಬಿಕೆ ಇನ್ನೊಂದಿಲ್ಲ. ಧುರ್ರಿನ್ ಗಿಡದಿಂದಲೇ ಬಂದುದು. ನಮ್ಮ ಜಿಲ್ಲೆಯ ಅಡಿಕೆಯನ್ನೇ ನೋಡಿರಿ. ಚನ್ನಗಿರಿಯ ಸೀಮೆಯಲ್ಲಿಯೂ ನಾಲೆಯ ಬದಿಯ ಊರುಗಳಲ್ಲಿಯೂ ಎಷ್ಟೋ ಮನೆಗಳನ್ನು ಅದು ಸಾಕಿದೆ, ಎಷ್ಟೋ ಮಕ್ಕಳನ್ನು ಓದಿಸಿದೆ. ತಾಂಬೂಲವಿಲ್ಲದೆ ನಮ್ಮಲ್ಲಿ ಮಂಗಳಕಾರ್ಯವಿಲ್ಲ. ಆದರೆ ಅಡಿಕೆಯಲ್ಲಿ ‘ಅರೆಕೊಲಿನ್’ ಎಂಬ ಕ್ಷಾರೀಯ ಸಂಯುಕ್ತವುಂಟು. ಜಗಿದವರಿಗೆ ಚುರುಕನ್ನೂ ಬಿಡಲಾರದ ಚಟವನ್ನೂ ತರುವುದು ಅದೇ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬೆಳೆಯನ್ನು ಪ್ರೀತಿಸುವವರಿಗೆ ಇದು ನೋವಿನ ಮಾತು, ನನಗೂ ನೋವಿನದೇ. ಆದರೂ ನಮಗೆ ಅನ್ನ ಕೊಡುವ ಗಿಡದ ವಿಷಯದಲ್ಲಿಯೂ ಸತ್ಯವನ್ನು ಕೇಳಿಸಿಕೊಳ್ಳುವ ಧೈರ್ಯ ಬೇಕು. ಎಳೆಯ ವಯಸ್ಸಿನಲ್ಲಿ ಅಡಿಕೆಪುಡಿಯ ಪೊಟ್ಟಣಕ್ಕೆ ಕೈಚಾಚುವ ಮುನ್ನ ಈ ಸತ್ಯವನ್ನು ನೆನೆಯುವುದು ಒಳ್ಳೆಯದು.

ಮದ್ದಿಗೂ ವಿಷಕ್ಕೂ ನಡುವೆ ಇರುವುದು ಅನೇಕ ವೇಳೆ ಅಳತೆಯ ಗೆರೆ ಮಾತ್ರ. ಆ ಗೆರೆಯನ್ನು ಕಾಣುವುದಕ್ಕೆ ವೈದ್ಯರ ಕಣ್ಣು ಬೇಕು, ಪ್ರಯೋಗಶಾಲೆಯ ತಕ್ಕಡಿ ಬೇಕು. ಹಾಗೆಂದು ಅಜ್ಜಿಯ ಅನುಭವವನ್ನು ತಳ್ಳಿಹಾಕಬೇಕಾಗಿಲ್ಲ. ಎಲ್ಲಿ ಹುಡುಕಬೇಕೆಂಬುದನ್ನು ತಕ್ಕಡಿಗೆ ತಿಳಿಸಿದವಳೇ ಅಜ್ಜಿ. ಆ ಅನುಭವ ಬರಹಕ್ಕೆ ಇಳಿದಿದ್ದರೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಅರಿಶಿನದ ಪ್ರಸಂಗ ತೋರಿಸಿಕೊಟ್ಟಿತು. 1995ರಲ್ಲಿ ಅಮೆರಿಕದಲ್ಲಿ, ಗಾಯಕ್ಕೆ ಅರಿಶಿನ ಹಚ್ಚುವುದನ್ನು ಹೊಸ ಶೋಧವೆಂದು ಹೇಳಿ ಅದಕ್ಕೆ ಏಕಸ್ವಾಮ್ಯದ ಹಕ್ಕನ್ನು ಕೊಡಲಾಯಿತು. ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು ವಾದಿಸಿದ್ದರಿಂದ 1997ರಲ್ಲಿ ಆ ಹಕ್ಕು ರದ್ದಾಯಿತು. ಗೆದ್ದುದು ಬಾಯಿಮಾತಲ್ಲ, ಬರೆದಿಟ್ಟ ಅಕ್ಷರ.

ಅರಿಶಿನದ ಹಳದಿಗೆ ಕಾರಣವಾದ ‘ಕರ್ಕ್ಯುಮಿನ್’ ಎಂಬ ವಸ್ತುವಿನ ಸ್ವಭಾವವನ್ನು ನೀವೇ ಪರೀಕ್ಷಿಸಬಹುದು. ಅರಿಶಿನದ ನೀರಿನಲ್ಲಿ ಒಂದು ಬಿಳಿಯ ಒರಟು ಕಾಗದವನ್ನು ಅದ್ದಿ ಒಣಗಿಸಿರಿ. ಅದರ ಮೇಲೆ ಸಾಬೂನಿನ ನೀರಿನ ಹನಿಯೊಂದನ್ನು ಹಾಕಿದರೆ ಹಳದಿಯು ಕೆಂಪಿಗೆ ತಿರುಗುತ್ತದೆ. ನಿಂಬೆಯ ರಸ ಸೋಕಿದರೆ ಮತ್ತೆ ಹಳದಿಯಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿಯ ಕೆಂಪನ್ನು ಬರಿಸುವ ನಿಮ್ಮ ತಾಯಿ ದಿನನಿತ್ಯದ ಬದುಕಿನಲ್ಲಿ ಈ ಪ್ರಯೋಗವನ್ನು ಮಾಡುತ್ತಲೇ ಬಂದಿದ್ದಾರೆ. ಆದರೆ ಒಂದು ಎಚ್ಚರಿಕೆ: ಗುರುತಿಲ್ಲದ ಗಿಡವನ್ನು ಎಂದಿಗೂ ನಾಲಿಗೆಯಿಂದ ಪರೀಕ್ಷಿಸಬಾರದು.

ಹದಡಿಯ ಆ ಮುದುಕ ತೀರಿಕೊಂಡು ಬಹುಕಾಲವಾಯಿತು. ಅವನಿಗೆ ತಿಳಿದಿದ್ದ ಗಿಡಗಳೆಷ್ಟೋ, ಅವುಗಳ ಗುಣಗಳೆಷ್ಟೋ! ಕೂಳೆಜೋಳದ ಒಂದು ಮಾತನ್ನುಳಿದು ಬೇರೆಯದನ್ನು ನಾನು ಕೇಳಲೂ ಇಲ್ಲ, ಬರೆದುಕೊಳ್ಳಲೂ ಇಲ್ಲ. ನಿಮ್ಮ ಊರಿನಲ್ಲಿ ಇಂದಿಗೂ ಅಂಥ ಹಿರಿಯರಿದ್ದಾರೆ. ಒಂದು ಪುಸ್ತಕವನ್ನು ತೆಗೆದುಕೊಂಡು ಅವರ ಬಳಿಗೆ ಹೋಗಿರಿ. ಗಿಡದ ಹೆಸರು, ಬೆಳೆಯುವ ಜಾಗ, ಬಳಸುವ ಭಾಗ, ಕೊಯ್ಯುವ ಕಾಲ, ಮಾಡಬಾರದೆಂದು ಅವರು ಹೇಳುವ ಸಂಗತಿ ಇವೆಲ್ಲವನ್ನೂ ಅವರ ಮಾತಿನಲ್ಲಿಯೇ ಬರೆದಿಡಿರಿ. ನಂಬುವುದಕ್ಕಾಗಲಿ ನಗುವುದಕ್ಕಾಗಲಿ ಆತುರಪಡಬೇಡಿರಿ. ನಾಳೆ ನಿಮ್ಮಲ್ಲೊಬ್ಬರು ಪ್ರಯೋಗಶಾಲೆಯಲ್ಲಿ ನಿಂತು ಅದರ ‘ಏಕೆ’ಯನ್ನೂ ‘ಎಷ್ಟು’ಗಳನ್ನೂ ಕಂಡುಹಿಡಿಯಬಹುದು. ಅಂದು ಯಾವುದೋ ಹೊಲದಲ್ಲಿ ಯಾರದೋ ಎತ್ತು ಉಳಿದೀತು. ಯಾವುದೋ ಮನೆಯಲ್ಲಿ ಒಂದು ಜೀವ ಉಳಿದೀತು.

ಅಭ್ಯಾಸ

1. ಎತ್ತಿನ ಸಾವಿಗೆ ಊರಿನವರು ಹೇಳಿದ ಕಾರಣಗಳಾವುವು? ನಿಜವಾದ ಕಾರಣ ಯಾವುದು?
2. ಎಳೆಜೋಳ ದನಕ್ಕೆ ವಿಷವಾದರೂ ಜೋಳದ ರೊಟ್ಟಿ ನಮಗೆ ನಿರಪಾಯವಾಗಿರುವುದೇಕೆ?
3. ‘ಓಡಲಾರದ ಜೀವಕ್ಕೆ ರಸಾಯನವೇ ಆಯುಧ.’ ಈ ಮಾತನ್ನು ಮೆಣಸಿನಕಾಯಿಯ ನಿದರ್ಶನದಿಂದ ವಿವರಿಸಿರಿ.
4. ಸರ್ಪಗಂಧದ ಕಥೆಯಿಂದ ನಾವು ಕಲಿಯಬೇಕಾದ ಎರಡು ಪಾಠಗಳಾವುವು?
5. ನಿಮ್ಮ ಊರಿನ ಹಿರಿಯರೊಬ್ಬರನ್ನು ಕಂಡು, ಅವರು ಬಲ್ಲ ಐದು ಗಿಡಗಳ ವಿವರಗಳನ್ನು ಬರೆದು ತನ್ನಿರಿ.